‘ಸಾಂಗ್’ ಪದದ ಬೆನ್ನು ಹತ್ತಿ: ಒಂದು ಉಚಿತ ವ್ಯುತ್ಪತ್ತಿ ನಿಘಂಟಿನ ವಿಮರ್ಶೆ

ನಿಘಂಟೊಂದರ ಗುಣಮಟ್ಟವನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ನಾಲಿಗೆ ಹೊರಳದ ಅಪರೂಪದ ಪದವೊಂದನ್ನು ಹುಡುಕಿ, ಅದು ಸಿಕ್ಕಿದರೆ ತಲೆದೂಗುತ್ತಾರೆ, ಸಿಗದಿದ್ದರೆ ಮುಖ ಸಿಂಡರಿಸುತ್ತಾರೆ. ಇದು ಅಷ್ಟೇನೂ ಒಳ್ಳೆಯ ಪರೀಕ್ಷೆಯಲ್ಲ. ಅಪರೂಪದ ಪದಕ್ಕೆ ಬಹುಮಟ್ಟಿಗೆ ಒಂದೇ ಅರ್ಥ, ಒಂದೇ ಮೂಲ, ಚುಟುಕಾದ ಚರಿತ್ರೆ. ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಸಾವಿರ ವರ್ಷಕ್ಕೂ ಮಿಕ್ಕಿ ಜನರ ಬಾಯಲ್ಲಿ ಉಳಿದುಬಂದು, ಮಕ್ಕಳಿಗೂ ಗೊತ್ತಿರುವ ಪದವನ್ನು ವಿವರಿಸುವಾಗಲೇ ನಿಘಂಟುಕಾರನ ಕಸುಬು ಬಯಲಾಗುವುದು. ಆದ್ದರಿಂದ ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ ಎಂಬ ಉಚಿತ ವ್ಯುತ್ಪತ್ತಿ ನಿಘಂಟನ್ನು, ಎಂದರೆ ಪದಗಳ ಮೂಲವನ್ನೂ ಚರಿತ್ರೆಯನ್ನೂ ಹೇಳುವ ಕೋಶವನ್ನು, ಇಲ್ಲಿ ‘ಸಾಂಗ್’ ಎಂಬ ಒಂದೇ ಇಂಗ್ಲಿಷ್ ಪದದ ಒರೆಗೆ ಹಚ್ಚಿ ನೋಡಲಾಗಿದೆ. ಆ ಪದದ ಸುತ್ತಲಿನ ನಾಲ್ಕಾರು ಬಂಧುಪದಗಳನ್ನೂ ಪರಿಶೀಲನೆಗೆ ಸೇರಿಸಿಕೊಳ್ಳಲಾಗಿದೆ.

ಈ ನಿಘಂಟನ್ನು ಅಮೆರಿಕದ ಡಗ್ಲಸ್ ಹಾರ್ಪರ್ ಈ ಶತಮಾನದ ಆರಂಭದಲ್ಲಿ ಕಟ್ಟತೊಡಗಿದರು. ವಿಶ್ವವಿದ್ಯಾಲಯವೊಂದರ ಸಂಪಾದಕ ಮಂಡಳಿಯ ಕೆಲಸದಂತೆ ಕಾಣುವ ಇದು ಬಹುಪಾಲು ಒಬ್ಬ ವ್ಯಕ್ತಿಯ ಶ್ರಮದ ಫಲ ಎಂಬುದು ನಂಬಲು ಕಷ್ಟವಾದರೂ ನಿಜ. ಇಲ್ಲಿರುವುದು ಸ್ವತಂತ್ರ ಸಂಶೋಧನೆಯಲ್ಲ. ವಿದ್ವಾಂಸರ ದೊಡ್ಡ ನಿಘಂಟುಗಳನ್ನು ಓದಿ, ಹೋಲಿಸಿ, ಸಾರ ತೆಗೆದು ಸಾಮಾನ್ಯ ಓದುಗನ ಮುಂದಿಟ್ಟ ಸಂಗ್ರಹ. ಪದದ ಮೂಲವನ್ನು ಹೇಳುವುದೇ ಬೇರೆ, ಅದರ ಇಂದಿನ ಅರ್ಥವನ್ನು ಹೇಳುವುದೇ ಬೇರೆ ಎಂಬುದನ್ನು ಅದು ತನ್ನ ಪೀಠಿಕೆಯಲ್ಲಿಯೇ ಸ್ಪಷ್ಟಪಡಿಸುತ್ತದೆ. ಈ ಮಾತನ್ನು ಮರೆತು ಇದನ್ನು ಸಾಮಾನ್ಯ ಅರ್ಥಕೋಶದಂತೆ ಬಳಸಿದವರೇ ಇದರ ಬಗ್ಗೆ ಹೆಚ್ಚಾಗಿ ಗೊಣಗುತ್ತಾರೆ.

ಪದವನ್ನು ಟೈಪ್ ಮಾಡಿದರೆ ತೆರೆದುಕೊಳ್ಳುವ ನಮೂದು ಒಂದು ದಟ್ಟವಾದ ಪ್ಯಾರಾ. ಮೊದಲಿಗೆ ಹಳೆಯ ಇಂಗ್ಲಿಷಿನ ‘ಸಂಗ್’ ಎಂಬ ರೂಪ ಮತ್ತು ಅದರ ಅಂದಿನ ಅರ್ಥಗಳು, ಬಳಿಕ ಇಂಗ್ಲಿಷ್, ಜರ್ಮನ್ ಮುಂತಾದವುಗಳ ಪೂರ್ವಜವಾದ ಜರ್ಮಾನಿಕ್ ಮೂಲಭಾಷೆಯ ಊಹಿತ ರೂಪ, ಅದರ ಜೊತೆಗೆ ಹಳೆಯ ನಾರ್ಸ್, ಸ್ವೀಡಿಷ್, ಡಚ್, ಜರ್ಮನ್, ಗಾಥಿಕ್ ಭಾಷೆಗಳ ಜ್ಞಾತಿಪದಗಳ (ಒಂದೇ ಮೂಲದಿಂದ ಬಂದ ಪದಗಳ) ಸಾಲು, ಅಲ್ಲಿಂದ ಇಂಡೋ-ಯುರೋಪಿಯನ್ ಮೂಲಭಾಷೆಯ ‘ಸೆಂಗ್ವ್’ ಎಂಬಂಥ ಧಾತು, ಕೊನೆಯಲ್ಲಿ ನುಡಿಗಟ್ಟುಗಳು. ಊಹಿತ ರೂಪಗಳ ಹಿಂದೆ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಯಾವ ಶಾಸನದಲ್ಲಿಯೂ ಯಾವ ಹಸ್ತಪ್ರತಿಯಲ್ಲಿಯೂ ಆ ರೂಪ ಸಿಕ್ಕಿಲ್ಲ, ಉಳಿದಿರುವ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಅದನ್ನು ಪುನಾರಚಿಸಿದ್ದಾರೆ ಎಂದು ಇದರ ಅರ್ಥ. ಇಷ್ಟು ಚಿಕ್ಕ ಗುರುತಿನಲ್ಲಿ ಇಷ್ಟು ದೊಡ್ಡ ಎಚ್ಚರಿಕೆ ಅಡಗಿರುವುದು ಹೊಸ ಓದುಗರ ಗಮನಕ್ಕೆ ಬಾರದೆ ಹೋಗುತ್ತದೆ. ಅವರು ಊಹೆಯನ್ನೂ ದಾಖಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ.

ಈ ವಂಶಾವಳಿಯಿಂದ ಕನ್ನಡದ ಓದುಗರಿಗೆ ಒದಗುವ ಮೊದಲ ಉಪಕಾರವೆಂದರೆ, ‘ಸಾಂಗ್’ ಮತ್ತು ‘ಸಂಗೀತ’ ಒಂದೇ ಬೇರಿನವು ಎಂಬ ಆಕರ್ಷಕ ಕಲ್ಪನೆ ಕರಗಿಹೋಗುವುದು. ಎರಡರಲ್ಲಿಯೂ ‘ಸಂಗ್’ ಎಂಬ ಧ್ವನಿ ಇದೆ, ಎರಡೂ ಹಾಡಿಗೆ ಸಂಬಂಧಿಸಿವೆ, ಅವುಗಳ ಮೂಲಭಾಷೆಗಳಾದ ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿವೆ. ಇಷ್ಟೆಲ್ಲ ಇರುವಾಗ ನಂಟು ಕಟ್ಟದಿರುವುದೇ ಕಷ್ಟ. ಆದರೆ ಸಂಸ್ಕೃತದ ‘ಸಂಗೀತ’ವು ‘ಸಮ್’ ಎಂಬ ಉಪಸರ್ಗ ಮತ್ತು ‘ಗೀತ’ ಎಂಬ ರೂಪಗಳು ಕೂಡಿ ಆದದ್ದು; ಅದರ ಜೀವಾಳ ‘ಗೈ’ ಧಾತು. ಇಂಗ್ಲಿಷ್ ಪದದಲ್ಲಿ ‘ಸ’ಕಾರದಿಂದ ‘ಗ’ಕಾರದವರೆಗೆ ಎಲ್ಲವೂ ಒಂದೇ ಧಾತುವಿನ ಭಾಗ, ಅದನ್ನು ನಡುವೆ ಒಡೆಯಲು ಬರುವುದಿಲ್ಲ. ನಿಘಂಟು ಸಂಗೀತದ ಮಾತನ್ನೇ ಎತ್ತುವುದಿಲ್ಲವಾದರೂ, ಅದು ಕೊಡುವ ರೂಪಗಳನ್ನು ಸಾಲಾಗಿ ಓದಿದವರಿಗೆ ಈ ಹೋಲಿಕೆ ಬರಿಯ ಕಾಕತಾಳೀಯ ಎಂಬುದು ತಾನಾಗಿಯೇ ತಿಳಿಯುತ್ತದೆ.

ಧ್ವನಿಯ ಚರಿತ್ರೆಯ ವಿಷಯದಲ್ಲಿ ಮಾತ್ರ ನಮೂದು ಕೈ ಬಿಗಿಹಿಡಿದಿದೆ. ಹಳೆಯ ಇಂಗ್ಲಿಷಿನಲ್ಲಿ ‘ಸಂಗ್’ ಎಂದಿದ್ದುದು ಇಂದು ‘ಸಾಂಗ್’ ಆದದ್ದು ಹೇಗೆ ಎಂದು ಕೇಳುವ ಓದುಗನಿಗೆ ಇಲ್ಲಿ ನೇರ ಉತ್ತರ ಸಿಗುವುದಿಲ್ಲ. ಉತ್ತರ ಕಷ್ಟದ್ದೇನಲ್ಲ: ಅನುನಾಸಿಕದ ಹಿಂದಿನ ‘ಅ’ಕಾರ ಹಳೆಯ ಇಂಗ್ಲಿಷಿನಲ್ಲಿಯೇ ‘ಒ’ಕಾರದ ಕಡೆಗೆ ವಾಲುತ್ತಿತ್ತು, ಬರವಣಿಗೆಯಲ್ಲಿ ಎರಡೂ ರೂಪಗಳು ಕಾಣುತ್ತಿದ್ದವು, ‘ಲಂಗ್’ ಎಂಬುದು ‘ಲಾಂಗ್’ ಆದದ್ದು, ‘ಸ್ಟ್ರಂಗ್’ ಎಂಬುದು ‘ಸ್ಟ್ರಾಂಗ್’ ಆದದ್ದು ಇದೇ ದಾರಿಯಲ್ಲಿ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಈ ಬದಲಾವಣೆ ನಡೆಯದೆ ಇಂದಿಗೂ ‘ಸ್ಯಾಂಗ್’, ‘ಲ್ಯಾಂಗ್’ ಎಂಬಂಥ ರೂಪಗಳೇ ಉಳಿದಿವೆ. ಈ ಒಂದು ಸಾಲನ್ನು ಸೇರಿಸಿದ್ದರೆ ಓದುಗನು ಒಂದು ಪದದ ಬದಲು ಒಂದು ನಿಯಮವನ್ನೇ ಕಲಿಯುತ್ತಿದ್ದ. ‘ಸಿಂಗ್’, ‘ಸ್ಯಾಂಗ್’, ‘ಸಂಗ್’ ಎಂದು ಕ್ರಿಯಾಪದದೊಳಗೆ ಸ್ವರ ಬದಲಾಗುವುದೂ, ಅದೇ ಸಾಲಿಗೆ ‘ಸಾಂಗ್’ ಎಂಬ ನಾಮಪದ ಸೇರುವುದೂ ಆಕಸ್ಮಿಕವಲ್ಲ. ಧಾತುವಿನ ಒಡಲಿನ ಸ್ವರವನ್ನೇ ಬದಲಿಸಿ ಕಾಲವನ್ನೂ ಪದದ ವರ್ಗವನ್ನೂ ಸೂಚಿಸುವ ಇಂಡೋ-ಯುರೋಪಿಯನ್ ಪದ್ಧತಿಯ ಉಳಿಕೆ ಅದು. ನಿಘಂಟು ಇದನ್ನು ಗೊತ್ತಿರುವವರಿಗೆ ಮಾತ್ರ ಗೊತ್ತಾಗುವ ಹಾಗೆ, ಎರಡು ಊಹಿತ ರೂಪಗಳ ನಡುವಿನ ಸ್ವರವ್ಯತ್ಯಾಸದಲ್ಲಿ ಬಚ್ಚಿಟ್ಟಿದೆ.

ಜ್ಞಾತಿಪದಗಳ ಸಾಲಿನಲ್ಲಿ, ಈಗ ಅಳಿದುಹೋಗಿರುವ ಜರ್ಮಾನಿಕ್ ಭಾಷೆಯಾದ ಗಾಥಿಕ್‌ನ ರೂಪದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಕ್ಷರಕ್ಕೆ ಅಕ್ಷರ ಓದಿದರೆ ಅದು ‘ಸಗ್ಗ್ವ್ಸ್’ ಎಂದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಗಾಥಿಕ್ ಬರವಣಿಗೆ ಗ್ರೀಕರ ಪದ್ಧತಿಯನ್ನು ಅನುಸರಿಸಿ ಜೋಡಿ ‘ಗ’ಕಾರವನ್ನು ಅನುನಾಸಿಕ ಧ್ವನಿಗೆ ಬಳಸುವುದರಿಂದ ಅದರ ಉಚ್ಚಾರ ‘ಸಂಗ್ವ್ಸ್’ ಎಂದೇ. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಬೈಬಲನ್ನು ಗಾಥಿಕ್ ಭಾಷೆಗೆ ತಂದದ್ದರಿಂದ ಈ ರೂಪ ನಮಗೆ ಉಳಿದಿದೆ. ಆ ಅನುವಾದದಲ್ಲಿ ಇನ್ನೊಂದು ಸ್ವಾರಸ್ಯವಿದೆ: ಲೂಕನ ಸುವಾರ್ತೆಯಲ್ಲಿ ಏಸು ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದು ನಿಂತು ಗ್ರಂಥವನ್ನು ಓದುವ ಸಂದರ್ಭಕ್ಕೆ ‘ಹಾಡು’ ಎಂಬರ್ಥದ, ಇದೇ ಧಾತುವಿನ ಕ್ರಿಯಾಪದ ಬಂದಿದೆ. ಗ್ರಂಥವನ್ನು ಗಟ್ಟಿಯಾಗಿ, ಲಯಬದ್ಧವಾಗಿ ಓದುವುದಕ್ಕೂ ಹಾಡುವುದಕ್ಕೂ ನಡುವೆ ಆ ಭಾಷೆ ಗೋಡೆ ಕಟ್ಟಿರಲಿಲ್ಲ. ಹಳೆಯ ಇಂಗ್ಲಿಷಿನ ‘ಸಂಗ್’ ಎಂಬುದಕ್ಕೆ ಕಂಠಧ್ವನಿ, ಹಾಡು, ಹಾಡುವ ಕಲೆ, ಸ್ತೋತ್ರ, ಪದ್ಯ ಎಂಬಷ್ಟು ಅರ್ಥಗಳನ್ನು ನಿಘಂಟು ಒಟ್ಟಿಗೆ ಕೊಡುವುದು ಏಕೆಂದು ಈ ಹಿನ್ನೆಲೆಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಧಾತುವಿನ ಅರ್ಥಕ್ಕೆ ಬಂದಾಗ ನಿಘಂಟು ತನ್ನ ನಿಜವಾದ ಸತ್ವವನ್ನು ತೋರಿಸುತ್ತದೆ. ‘ಸೆಂಗ್ವ್’ ಎಂಬ ಊಹಿತ ಧಾತುವಿಗೆ ಅದು ಹಾಡುವುದು ಎಂಬ ಅರ್ಥದ ಪಕ್ಕದಲ್ಲಿಯೇ ಮಂತ್ರ ಹಾಕುವುದು ಎಂಬ ಅರ್ಥವನ್ನೂ ಇಡುತ್ತದೆ. ಜರ್ಮಾನಿಕ್ ಶಾಖೆಯ ಹೊರಗೆ ಈ ಧಾತುವಿಗೆ ಬಂಧುಗಳು ಬಹಳ ಕಡಿಮೆ. ಗ್ರೀಕಿನಲ್ಲಿ ದೈವವಾಣಿ ಎಂಬರ್ಥದ ‘ಓಂಫೇ’ ಒಂದು ಇರಬಹುದು ಎಂದು, ಆ ‘ಇರಬಹುದು’ ಎಂಬುದನ್ನು ಬಿಡದೆ, ‘ಸಿಂಗ್’ ನಮೂದಿನಲ್ಲಿ ಹೇಳಲಾಗಿದೆ. ಉಚಿತವಾಗಿ ಸಿಗುವ ಮಾಹಿತಿಯಲ್ಲಿ ಇಂಥ ‘ಬಹುಶಃ’ಗಳು ಮೊದಲು ಉದುರಿಹೋಗುತ್ತವೆ, ಅವನ್ನು ಉಳಿಸಿಕೊಂಡಿರುವುದು ಈ ಸೇವೆಯ ಬಗ್ಗೆ ನಂಬಿಕೆ ಹುಟ್ಟಿಸುವ ಸಂಗತಿ.

ಅಲ್ಲಿಂದ ಪಕ್ಕದ ಕೊಂಡಿಗಳನ್ನು ಹಿಡಿದು ಹೋದರೆ ಸಿಗುವುದು ನಮೂದಿಗಿಂತಲೂ ರುಚಿಕರ. ಲ್ಯಾಟಿನ್ ಶಾಖೆಯಲ್ಲಿ ಹಾಡಿಗೆ ಬೇರೆಯದೇ ಧಾತು, ‘ಕನ್’. ಇಂಗ್ಲಿಷಿನ ‘ಚಾಂಟ್’, ‘ಕ್ಯಾಂಟೊ’, ‘ಆಕ್ಸೆಂಟ್’ ಎಲ್ಲವೂ ಅದರ ಸಂತಾನ. ಮಾಟ ಮಾಡುವ ‘ಎನ್‌ಚಾಂಟ್’, ಮಂತ್ರೋಚ್ಚಾರದ ‘ಇನ್‌ಕ್ಯಾಂಟೇಶನ್’, ಮೋಡಿ ಎಂಬರ್ಥದ ‘ಚಾರ್ಮ್’ ಕೂಡ ಅದರವೇ. ಲ್ಯಾಟಿನ್ನಿನ ‘ಕ’ಕಾರಕ್ಕೆ ಜರ್ಮಾನಿಕ್ ಭಾಷೆಗಳಲ್ಲಿ ‘ಹ’ಕಾರ ಬರುವ ನಿಯಮದಂತೆ ಅದೇ ಧಾತು ಹಳೆಯ ಇಂಗ್ಲಿಷಿನಲ್ಲಿ ಹುಂಜಕ್ಕೆ ‘ಹನ’ ಎಂದಾಗಿ, ಅದರ ಸ್ತ್ರೀಲಿಂಗ ರೂಪವಾಗಿ ಇಂದಿನ ‘ಹೆನ್’ ಉಳಿದುಕೊಂಡಿತು. ಬೆಳಗಿನ ಜಾವ ಹಾಡುವ ಹಕ್ಕಿ ಹುಂಜ; ಹೆಸರು ಇಂದು ಉಳಿದಿರುವುದು ಕೂಗದ ಹೇಂಟೆಗೆ. ಇನ್ನೊಂದು ಕಡೆ ಹಳೆಯ ಇಂಗ್ಲಿಷಿನಲ್ಲಿಯೇ ‘ಗಲನ್’ ಎಂಬ ಮೂರನೆಯ ಕ್ರಿಯಾಪದವಿತ್ತು. ಅದಕ್ಕೂ ಹಾಡುವುದು, ಮಾಟ ಮಾಡುವುದು ಎಂಬ ಎರಡೂ ಅರ್ಥಗಳು. ಅದು ಸತ್ತುಹೋದರೂ ‘ನೈಟಿಂಗೇಲ್’ ಎಂಬ ಇರುಳುಹಾಡುಗಾರ ಹಕ್ಕಿಯ ಹೆಸರಿನ ಬಾಲದಲ್ಲಿ ಬದುಕಿದೆ. ಒಂದಕ್ಕೊಂದು ನಂಟಿಲ್ಲದ ಮೂರು ಧಾತುಗಳಲ್ಲಿ ಹಾಡು ಮತ್ತು ಮಂತ್ರ ಹೀಗೆ ಬೆಸೆದುಕೊಂಡಿರುವುದನ್ನು ನೋಡಿದರೆ, ಅಂದಿನವರಿಗೆ ಹಾಡು ಮನರಂಜನೆಗಿಂತ ಮೊದಲು ಶಕ್ತಿಯುಳ್ಳ ಮಾತಾಗಿತ್ತು ಎಂದು ಊಹಿಸಬಹುದು. ನಿಘಂಟು ಈ ತೀರ್ಮಾನವನ್ನು ಎಲ್ಲಿಯೂ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ.

ಆದರೆ ಪದವೊಂದಕ್ಕೆ ಒಂದೊಂದು ಪುಟ ಎಂಬ ಏರ್ಪಾಡಿನ ದೊಡ್ಡ ಕೊರತೆಯೂ ಇಲ್ಲಿಯೇ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಹಾಡು, ಪದ್ಯಗಳಿಗೆ ‘ಲೆಯೊಥ್’ ಎಂಬ ಇನ್ನೊಂದು ಪದವೂ ಚೆನ್ನಾಗಿ ಬಳಕೆಯಲ್ಲಿತ್ತು. ಜರ್ಮನ್ನಿನ ‘ಲೀಡ್’ ಅದರ ಜ್ಞಾತಿಪದ. ಜರ್ಮನ್ ಭಾಷೆ ಬಿಡಿ ಹಾಡಿಗೆ ‘ಲೀಡ್’ ಎಂಬುದನ್ನೂ ಗಾಯನಕ್ಕೆ ‘ಗೆಸಾಂಗ್’ ಎಂಬುದನ್ನೂ ಇಟ್ಟುಕೊಂಡು ಕೆಲಸ ಹಂಚಿಕೊಟ್ಟಿತು. ಇಂಗ್ಲಿಷಿನಲ್ಲಿ ‘ಲೆಯೊಥ್’ ಅಳಿದು, ಎರಡು ಪದಗಳ ಹೊರೆಯೂ ‘ಸಾಂಗ್’ ಒಂದರ ಮೇಲೆ ಬಿತ್ತು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಫ್ರೆಂಚಿನಿಂದ ‘ಚಾಂಟ್’, ‘ಕ್ಯಾರಲ್’, ‘ಬ್ಯಾಲಡ್’ ಮುಂತಾದವು ಬಂದವು. ‘ಕ್ಯಾರಲ್’ ಮತ್ತು ‘ಬ್ಯಾಲಡ್’ ಎರಡೂ ಕುಣಿತದ ಜೊತೆಗಿನ ಹಾಡಿನಿಂದ ಬಂದವು ಎಂಬುದು ಅವುಗಳ ಪುಟಗಳಲ್ಲಿ ಸಿಗುತ್ತದೆ. ಅಷ್ಟು ಜನ ಹೊಸಬರು ಬಂದರೂ ಸಾಮಾನ್ಯ ಪದದ ಸ್ಥಾನ ಹಳೆಯದಕ್ಕೇ ಉಳಿಯಿತು, ಬಂದವು ವಿಶೇಷ ಪ್ರಕಾರಗಳ ಹೆಸರುಗಳಾಗಿ ಹೊಂದಿಕೊಂಡವು. ‘ಸಾಂಗ್’ ಪದದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಘಟನೆ ಇಲ್ಲ. ಅಳಿದ ಪದಕ್ಕೆ ಈ ನಿಘಂಟಿನಲ್ಲಿ ಸ್ವಂತ ಪುಟವಿರುವುದು ಅಪರೂಪ, ಏಕೆಂದರೆ ಅದು ಇಂದಿನ ಇಂಗ್ಲಿಷಿನ ನಿಘಂಟು. ಹೀಗಾಗಿ ಗೆದ್ದವರ ಕತೆ ಮಾತ್ರ ಸಿಗುತ್ತದೆ, ಯಾರ ವಿರುದ್ಧ ಗೆದ್ದರು ಎಂಬುದನ್ನು ಓದುಗನೇ ಬೇರೆಡೆ ಹುಡುಕಿಕೊಳ್ಳಬೇಕು.

ಅರ್ಥದ ಪಯಣದ ನಿರೂಪಣೆಯೂ ಇಷ್ಟೇ ತೆಳು. ಹಾಡಲಾಗದ ಕಾವ್ಯಕ್ಕೂ ‘ಸಾಂಗ್’ ಎನ್ನುವ ರೂಢಿ ಇಂಗ್ಲಿಷಿನಲ್ಲಿ ಬಹುಕಾಲ ಇತ್ತು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಎಂಬ ತನ್ನ ಮಹಾಕಾವ್ಯವನ್ನು ಕವಿ ಮಿಲ್ಟನ್ ಆರಂಭದಲ್ಲಿಯೇ ‘ಸಾಂಗ್’ ಎಂದು ಕರೆದಿದ್ದಾನೆ, ಅದನ್ನು ಯಾರೂ ರಾಗಕ್ಕೆ ಹೊಂದಿಸಿ ಹಾಡಲೆಂದು ಬರೆದದ್ದಲ್ಲ. ಅಲ್ಲಿ ರಾಗ ಬಿಟ್ಟು ಮಾತು ಉಳಿದಿತ್ತು. 1830ರ ದಶಕದಿಂದ ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್ ಪಿಯಾನೊಗಾಗಿ ಪ್ರಕಟಿಸಿದ ‘ಮಾತಿಲ್ಲದ ಹಾಡುಗಳು’ ತದ್ವಿರುದ್ಧ: ಮಾತು ಬಿಟ್ಟು ರಾಗ ಉಳಿಯಿತು. ಆ ಹೆಸರಿನ ಸೊಗಸು ಅದರ ವಿರೋಧಾಭಾಸದಲ್ಲಿದೆ. ಮಾತಿಲ್ಲದಿದ್ದರೆ ಹಾಡಲ್ಲ ಎಂಬ ತಿಳಿವಳಿಕೆ ಗಟ್ಟಿಯಾಗಿದ್ದುದರಿಂದಲೇ ಅದು ಹೊಳೆಯಿತು. 2001ರಲ್ಲಿ ಆ್ಯಪಲ್ ಕಂಪನಿ ಐಪಾಡ್ ಸಾಧನವನ್ನು ಜೇಬಿನಲ್ಲಿ ಸಾವಿರ ‘ಸಾಂಗ್’ಗಳು ಎಂದು ಪ್ರಚಾರ ಮಾಡುವ ಹೊತ್ತಿಗೆ ಆ ವಿರೋಧಾಭಾಸವೇ ಮಾಯವಾಗತೊಡಗಿತ್ತು. ಇಂದು ಫೋನಿನ ಆ್ಯಪ್‌ಗಳಲ್ಲಿ ಕೊಳಲಿನ ವಾದನವೂ ‘ಸಾಂಗ್’, ಸಿಂಫನಿಯ ಒಂದು ಭಾಗವೂ ‘ಸಾಂಗ್’; ಎಣಿಸಬಹುದಾದ ಒಂದು ಸಂಗೀತದ ತುಣುಕು ಎಂಬಷ್ಟಕ್ಕೆ ಅರ್ಥ ಸವೆದಿದೆ. ಶಾಸ್ತ್ರೀಯ ಸಂಗೀತದವರು ಇದಕ್ಕೆ ಹುಬ್ಬು ಗಂಟಿಕ್ಕುವುದು ಸಹಜ, ಆದರೆ ಜನ ಹಾಗೆ ಬಳಸುತ್ತಿದ್ದಾರೆ ಎಂಬುದೂ ಅಷ್ಟೇ ನಿಜ.

ಪ್ರಾಣಿಗಳ ವಿಷಯದಲ್ಲಿ ವಿಜ್ಞಾನ ಇದೇ ಪದವನ್ನು ಬಿಗಿಗೊಳಿಸಿತು. ಪಕ್ಷಿತಜ್ಞರು ಎಚ್ಚರಿಕೆಯ ಚುಟುಕು ಕೂಗಿಗೆ ‘ಕಾಲ್’ ಎಂದೂ, ಸಂಗಾತಿಯನ್ನು ಕರೆಯುವ ಅಥವಾ ನೆಲೆಯ ಗಡಿಯನ್ನು ಸಾರುವ ದೀರ್ಘ ವಿನ್ಯಾಸಕ್ಕೆ ‘ಸಾಂಗ್’ ಎಂದೂ ಬೇರ್ಪಡಿಸುತ್ತಾರೆ. ಗೂನುಬೆನ್ನಿನ ತಿಮಿಂಗಿಲಗಳ ಸದ್ದು ಕ್ರಮಬದ್ಧವಾಗಿ ಮರುಕಳಿಸುತ್ತದೆ ಎಂದು ಸಂಶೋಧಕರಾದ ರಾಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರ ಪ್ರಬಂಧದಲ್ಲಿ ತೋರಿಸಿದಾಗ, ಆ ಮರುಕಳಿಕೆಯ ಆಧಾರದ ಮೇಲೆಯೇ ಅದನ್ನು ‘ಸಾಂಗ್’ ಎಂದು ಕರೆದರು. ವ್ಯುತ್ಪತ್ತಿ ನಿಘಂಟಿನಿಂದ ಇಷ್ಟನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ ಎಂಬುದನ್ನು ಒಪ್ಪುತ್ತೇನೆ. ಹಕ್ಕಿಯ ಹಾಡು ಎಂಬ ಅರ್ಥ ಹಳೆಯ ಇಂಗ್ಲಿಷಿನ ಕೊನೆಯ ಕಾಲಕ್ಕೇ ಬಂದಿತ್ತು ಎಂಬುದನ್ನಾದರೂ ಅದು ದಾಖಲಿಸಿದೆ.

ನುಡಿಗಟ್ಟುಗಳ ಭಾಗ ಚುರುಕಾಗಿದೆ, ಆದರೆ ಎಚ್ಚರದಿಂದ ಓದಬೇಕು. ಕವಡೆ ಕಾಸಿಗೆ ಮಾರಿದ ಎಂಬರ್ಥದಲ್ಲಿ ಇಂಗ್ಲಿಷಿನವರು ‘ಫಾರ್ ಎ ಸಾಂಗ್’ ಎನ್ನುವುದನ್ನು ನಿಘಂಟು ಶೇಕ್ಸ್‌ಪಿಯರನ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕಕ್ಕೆ ಕೊಂಡೊಯ್ಯುತ್ತದೆ. ಅಲ್ಲಿ ವಿದೂಷಕನೊಬ್ಬ, ಜಹಗೀರನ್ನೇ ಒಂದು ಹಾಡಿಗೆ ಮಾರಿಕೊಂಡವನ ಮಾತೆತ್ತುತ್ತಾನೆ. ಸ್ವಾರಸ್ಯವೆಂದರೆ 1623ರ ಮೊದಲ ಫೋಲಿಯೊದಲ್ಲಿ, ಎಂದರೆ ಶೇಕ್ಸ್‌ಪಿಯರನ ನಾಟಕಗಳ ಸಂಗ್ರಹದ ಮೊದಲ ಮುದ್ರಣದಲ್ಲಿ, ಅಚ್ಚಾಗಿರುವುದು ‘ಮಾರಿದ’ ಎಂಬ ‘ಸೋಲ್ಡ್’ ಅಲ್ಲ, ‘ಹಿಡಿದುಕೊ’ ಎಂಬ ‘ಹೋಲ್ಡ್’. ‘ಸೋಲ್ಡ್’ ಎಂಬ ಪಾಠ ಮೂರನೆಯ ಫೋಲಿಯೊದಿಂದ ಬಂದದ್ದು, ಬಹುತೇಕ ಸಂಪಾದಕರು ಅದನ್ನೇ ಒಪ್ಪಿದ್ದಾರೆ. ಒಂದು ಅಕ್ಷರದ ಮೇಲೆ ನಿಂತಿರುವ ಈ ತಕರಾರು ನಮೂದಿನಲ್ಲಿ ಜಾಗ ಪಡೆದಿಲ್ಲ. ಇನ್ನು ‘ಸಾಂಗ್ ಆ್ಯಂಡ್ ಡಾನ್ಸ್’ ಎಂಬುದು 19ನೆಯ ಶತಮಾನದ ಉತ್ತರಾರ್ಧದ ಅಮೆರಿಕದ ವಾಡೆವಿಲ್ ಎಂಬ ವಿವಿಧ ವಿನೋದಾವಳಿಯ ರಂಗಮಂಚದಿಂದ ಬಂದದ್ದು. ಅಮೆರಿಕದಲ್ಲಿ ಅದು ಸುತ್ತಿ ಬಳಸಿ ಹೇಳುವ ಸಬೂಬು, ಬ್ರಿಟನ್ನಿನಲ್ಲಿ ಸಣ್ಣದಕ್ಕೆ ಮಾಡುವ ದೊಡ್ಡ ರಂಪ. ಈ ಎರಡರ ವ್ಯತ್ಯಾಸ ತಿಳಿಯದವರು ಪತ್ರವ್ಯವಹಾರದಲ್ಲಿ ಎಡವಬಹುದು. ಸಾಯುವ ಮುನ್ನ ಹಂಸ ಹಾಡುತ್ತದೆಂಬ ನಂಬಿಕೆ ಪ್ಲೇಟೊನ ಬರಹದಲ್ಲಿಯೇ ಇದ್ದರೂ, ‘ಸ್ವಾನ್ ಸಾಂಗ್’ ಎಂಬ ಸಮಾಸ ಇಂಗ್ಲಿಷಿಗೆ ಜರ್ಮನ್ ಪದದ ಅಚ್ಚಿನಲ್ಲಿ ಬಂದದ್ದು 19ನೆಯ ಶತಮಾನದಲ್ಲಿ. ಆರೋಪಿ ಪೊಲೀಸರ ಮುಂದೆ ಬಾಯಿಬಿಡುವುದಕ್ಕೆ ‘ಸಿಂಗ್’ ಎನ್ನುವುದು ಸಿನಿಮಾದವರ ಸೃಷ್ಟಿಯೆಂದು ಕಾಣುತ್ತದೆ; ನಿಘಂಟು ಅದನ್ನು 1610ರ ದಶಕಕ್ಕೆ ಒಯ್ಯುತ್ತದೆ.

ಈ ಇಸವಿಗಳ ಬಗ್ಗೆ ಒಂದು ಮಾತು. ‘1610ರ ದಶಕ’ ಎಂದಿದ್ದರೆ ಆ ಬಳಕೆ ಬರವಣಿಗೆಯಲ್ಲಿ ಮೊದಲು ಸಿಕ್ಕಿರುವುದು ಆಗ ಎಂದಷ್ಟೇ ಅರ್ಥ. ಪದ ಹುಟ್ಟಿದ್ದು ಅಂದು ಎಂದಲ್ಲ. ಕಳ್ಳರ ಗುಪ್ತಭಾಷೆಯಂಥದ್ದು ಕಾಗದಕ್ಕೆ ಇಳಿಯುವ ಮೊದಲು ಎಷ್ಟು ಕಾಲ ಬಾಯಲ್ಲಿತ್ತೋ ಯಾರು ಬಲ್ಲರು. ಇಸವಿಯ ಹಿಂದಿನ ಆಧಾರವಾಕ್ಯವನ್ನು ಈ ಸೇವೆ ಎಲ್ಲೋ ಕೆಲವು ಕಡೆ ಬಿಟ್ಟರೆ ಉಲ್ಲೇಖಿಸುವುದಿಲ್ಲ. ಅದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯನ್ನೇ ಆಶ್ರಯಿಸಬೇಕು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದು, 1989ರಲ್ಲಿ 20 ಸಂಪುಟಗಳ ಎರಡನೆಯ ಆವೃತ್ತಿ ಕಂಡು, 2000ದಿಂದ ಆನ್‌ಲೈನಿನಲ್ಲಿ ಪರಿಷ್ಕರಣೆಗೊಳ್ಳುತ್ತಿರುವ ಆ ಕೋಶದಲ್ಲಿ ಪ್ರತಿ ಅರ್ಥಕ್ಕೂ ಕಾಲಾನುಕ್ರಮದಲ್ಲಿ ಉದಾಹರಣೆಗಳಿವೆ. ಆದರೆ ಪೂರ್ತಿ ಓದಲು ಚಂದಾ ಬೇಕು, ಇಲ್ಲವೇ ಚಂದಾ ಕಟ್ಟಿರುವ ಗ್ರಂಥಾಲಯದ ಸದಸ್ಯತ್ವ ಬೇಕು. 2002ರ ಡಿಸೆಂಬರಿನಲ್ಲಿ ಆರಂಭವಾದ ವಿಕ್ಷನರಿ ಎಂಬ ಆನ್‌ಲೈನ್ ನಿಘಂಟು ಉಚಿತ. ಊಹಿತ ಧಾತುಗಳಿಗೂ ಅಲ್ಲಿ ಪ್ರತ್ಯೇಕ ಪುಟಗಳಿವೆ, ಜ್ಞಾತಿಪದಗಳನ್ನು ಕವಲು ಕವಲಾಗಿ ಜೋಡಿಸಿರುವುದರಿಂದ ಕಣ್ಣಿಗೆ ಸುಲಭ. ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಒಂದು ಪುಟದ ಮಟ್ಟ ಇನ್ನೊಂದಕ್ಕಿಲ್ಲ. ಹಾರ್ಪರ್ ಅವರ ನಿಘಂಟಿನಲ್ಲಿ ಬಹುಪಾಲು ಒಂದೇ ಕೈಯ ಬರಹ ಇರುವುದರಿಂದ ಧಾಟಿ ಎಲ್ಲೆಡೆ ಒಂದೇ, ಅನುಮಾನವಿದ್ದಲ್ಲಿ ಅನುಮಾನ ಎಂದು ಬರೆಯುವ ಪ್ರಾಮಾಣಿಕತೆಯೂ ಒಂದೇ.

ಉಚ್ಚಾರಣೆಯ ಸೂಚನೆ ಇಲ್ಲದಿರುವುದು ನಮ್ಮಂಥ ಓದುಗರಿಗೆ ದೊಡ್ಡ ತೊಡಕು. ಹಳೆಯ ರೂಪಗಳನ್ನು ಹೇಗೆ ಓದಬೇಕೆಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ವಿದ್ಯಾರ್ಥಿಗಳಿಗೆ, ಅನುವಾದಕರಿಗೆ, ಇಂಗ್ಲಿಷ್ ಕಲಿಸುವ ಅಧ್ಯಾಪಕರಿಗೆ ಇದನ್ನು ಮೊದಲ ಆಕರವಾಗಿ ಧಾರಾಳವಾಗಿ ಶಿಫಾರಸು ಮಾಡಬಹುದು. ಪ್ರಬಂಧದಲ್ಲಿ ಇಸವಿಯನ್ನು ಆಧಾರವಾಗಿ ಕೊಡಬೇಕಾದವರು ಇಲ್ಲಿಗೇ ನಿಲ್ಲಬಾರದು. ಇದೇ ಪದವನ್ನು ನೋಡಹೊರಟವರು ‘ಸಾಂಗ್’ ಪುಟಕ್ಕಿಂತ ಮೊದಲು ‘ಸಿಂಗ್’ ಪುಟವನ್ನು ತೆರೆಯುವುದು ಲೇಸು. ಧಾತುವಿನ ಅರ್ಥವೂ ಗ್ರೀಕ್ ನಂಟಿನ ಅನುಮಾನವೂ ಅಲ್ಲಿವೆ, ‘ಕನ್’ ಧಾತುವಿನ ಕಡೆಗೆ ಹೋಗುವ ದಾರಿಯೂ ಅಲ್ಲಿಂದಲೇ ಹತ್ತಿರ.